ಬ್ರಾಹ್ಮಿಯ ಎಡಗಡೆಯ ಅಳತೆ

ರಬಕವಿಯಲ್ಲಿ ಬ್ಲೌಸ್ ಹೊಲಿಯುವ ಬ್ರಾಹ್ಮಿಗೆ ಊರಿನ ಅರ್ಧ ಹೆಂಗಸರ ಅಳತೆ ಬಾಯಿಪಾಠವಿತ್ತು. ಯಾರಾದರೂ ಬಾಗಿಲಲ್ಲಿ ಬಂದು ನಿಂತರೆ ಸಾಕು, ಟೇಪು ಮುಟ್ಟದೆ ನಂಬರು ಹೇಳುತ್ತಿದ್ದಳು. ಅಂಥವಳಿಗೆ ನಲವತ್ತಮೂರನೆಯ ವಯಸ್ಸಿನಲ್ಲಿ ತನ್ನದೇ ಬ್ಲೌಸು ಎಡಗಡೆ ಬಿಗಿಯತೊಡಗಿದಾಗ ಮೊದಲು ಅನುಮಾನ ಬಂದದ್ದು ಬಟ್ಟೆಯ ಮೇಲೆ. ಇನ್ನೊಂದು ಹೊಲಿದಳು, ಅದೂ ಬಿಗಿ. ಟೇಪು ಹಳೆಯದಾಗಿದೆ ಎಂದು ಹೊಸದು ತಂದಳು. ಕೊನೆಗೆ ಹೊಲಿಗೆ ಬಿಚ್ಚಿ ಎಡಗಡೆ ಅರ್ಧ ಇಂಚು ಸಡಿಲ ಮಾಡಿಕೊಂಡು, ತನ್ನ ಜಾಣತನಕ್ಕೆ ತಾನೇ ತಲೆದೂಗಿದಳು.

ಎದೆಯಲ್ಲಿ ಗಂಟು ಕೈಗೆ ಸಿಕ್ಕಿರಲಿಲ್ಲವೆಂದಲ್ಲ. ಗೋಡಂಬಿಯಷ್ಟಿತ್ತು, ನೋವಿರಲಿಲ್ಲ. ನೋವಿಲ್ಲದ್ದು ರೋಗವೇ ಅಲ್ಲ ಎಂಬುದು ಅವಳ ವೈದ್ಯಶಾಸ್ತ್ರ. ಅರಿಸಿನ ಅರೆದು ಹಚ್ಚಿದಳು. ಎಂಟು ತಿಂಗಳ ಮೇಲೆ ಅಲ್ಲಿಯ ಚರ್ಮ ಕಿತ್ತಳೆ ಸಿಪ್ಪೆಯಂತಾಯಿತು. ಆಗ ಗಂಡ ಶ್ರೇಣಿಕ ಮಗ್ಗ ನಿಲ್ಲಿಸಿ, ಅವಳ ಮಾತು ಕೇಳದೆ ಜಮಖಂಡಿಯ ಡಾಕ್ಟರಮ್ಮನ ಹತ್ತಿರ ಕರೆದೊಯ್ದ.

“ಇಷ್ಟ್ ದಿನ ಏನ್ ಮಾಡಾಕತ್ತಿದ್ದಿ?” ಎಂದು ಡಾಕ್ಟರಮ್ಮ ಕೇಳಿದರು.

“ಬ್ಲೌಸ್ ಸಡ್ಲ ಮಾಡ್ಕೊಂಡೆರಿ.”

ಡಾಕ್ಟರಮ್ಮ ನಗಲಿಲ್ಲ. ಪರೀಕ್ಷೆಯ ರಿಪೋರ್ಟು ಬಂದ ಮೇಲೆ ಹೇಳಿದರು, “ಎದಿ ಕ್ಯಾನ್ಸರ್ ಐತಿ. ಇದು ಈಗ ಭಾಳ ಮಂದಿಗೆ ಬರಾಕತ್ತೈತಿ, ಸಣ್ಣ ವಯಸ್ಸಿನಾವ್ರಿಗೂ. ಜಲ್ದಿ ಬಂದಾವ್ರು ಹೆಚ್ಚಾಗಿ ಉಳೀತಾರ. ನಮ್ ಕಡೆ ಬರೂದ ತಡ.”

ವಾಪಸು ಬರುವಾಗ ಬ್ರಾಹ್ಮಿ ಬಸ್ಸಿನ ಕಿಟಕಿಯ ಪಕ್ಕ ಕುಳಿತಳು. ಊರಿನವರ ಅಳತೆಯೆಲ್ಲ ಗೊತ್ತಿರುವ ತಾನು ಎಂಥ ದಡ್ಡಿ ಎಂದು ನಗಲು ಹೋದಳು, ಅಳು ಬಂತು. ಶ್ರೇಣಿಕ ಅವಳ ಚೀಲವನ್ನು ತನ್ನ ತೊಡೆಯ ಮೇಲಿಟ್ಟುಕೊಂಡ.

ಬೆಳಗಾವಿಯಲ್ಲಿ ಕಿಮೋ ಆಯಿತು, ಆಪರೇಷನ್ ಆಯಿತು. ಎಡಗಡೆ ಬರಿದಾಯಿತು. ಕೂದಲು ಉದುರಿದ ಮೇಲೆ ಒಂದು ದಿನ ಬಿಳಿ ಸೀರೆಯುಟ್ಟು ಬಸದಿಗೆ ಹೋದಾಗ ತಲೆಯ ಮೇಲಿನ ಸೆರಗು ಜಾರಿ ಬೋಳುತಲೆ ಕಂಡಿತು. ಕಣ್ಣು ಮಂಜಾದ ಮುದುಕಿಯೊಬ್ಬಳು ಅವಳನ್ನು ದೀಕ್ಷೆ ಪಡೆದ ಜೈನ ಸನ್ಯಾಸಿನಿ, ಆರ್ಯಿಕೆಯೆಂದೇ ತಿಳಿದು, “ವಂದಾಮಿ ಮಾತಾಜಿ” ಎಂದು ಬಾಗಿದಳು. ಅಲ್ಲವೆನ್ನಲು ಧೈರ್ಯ ಸಾಲದೆ ಬ್ರಾಹ್ಮಿ ಕೈಯೆತ್ತಿ ಆಶೀರ್ವದಿಸಿಬಿಟ್ಟಳು. ಮನೆಗೆ ಬಂದು, “ಇದೊಂದ್ ಪಾಪ ಬಾಕಿ ಇತ್ತು” ಎಂದಳು. ಶ್ರೇಣಿಕ ಎಷ್ಟೋ ತಿಂಗಳ ನಂತರ ಅವತ್ತು ನಕ್ಕ.

ಬರಿದಾದ ಕಡೆಗೆ ತಾನೇ ಒಂದು ಸಣ್ಣ ದಿಂಬು ಹೊಲಿದುಕೊಂಡಳು. ಹತ್ತಿ ತುಂಬಿದರೆ ಹಗುರಾಗಿ ಹೆಗಲಿನತ್ತ ಏರಿತು. ತೂಕಕ್ಕೆಂದು ಸಾಸಿವೆ ತುಂಬಿದಳು. ಬೇಸಿಗೆಯ ಬೆವರಿಗೆ ನಾಲ್ಕು ದಿನದಲ್ಲಿ ಸಾಸಿವೆ ಮೊಳಕೆಯೊಡೆಯಿತು. ಮೂವತ್ತು ವರ್ಷ ಹೊಲಿದ ಕೈ ತನಗೊಂದು ದಿಂಬು ಹೊಲಿಯುವಷ್ಟರಲ್ಲಿ ಎರಡು ಸಲ ಸೋತಿತು; ಮೂರನೆಯ ಸಲ ಗಾಜಿನ ಮಣಿ ತುಂಬಿದ ಮೇಲೆ ಸರಿಹೋಯಿತು.

ಮತ್ತೆ ಮಷೀನಿನ ಮುಂದೆ ಕುಳಿತು ವರ್ಷವಾಗಿತ್ತು. ಚಿಮ್ಮಡದ ಶಂಕ್ರೆವ್ವ ಮಗಳ ಮದುವೆಗೆ ಬ್ಲೌಸ್ ಹೊಲಿಸಲು ಬಂದಳು. ಈಗೀಗ ಕಣ್ಣಳತೆ ನಂಬದ ಬ್ರಾಹ್ಮಿ ಟೇಪು ಹಿಡಿದಳು; ಎದೆಯ ಬಲಗಡೆ ಅದು ತಾಗಿದ್ದೇ ಶಂಕ್ರೆವ್ವ ಹಿಂದೆ ಸರಿದಳು.

“ಗಂಟೈತೇನ್ ಬೇ?”

ಶಂಕ್ರೆವ್ವ ಸೆರಗು ಎಳೆದುಕೊಂಡಳು. “ಸಣ್ಣದೈತ್ರಿ ಅಕ್ಕಾರ. ಮದವಿ ಮುಗೀಲಿ, ತೋರಸ್ತೇನಿ.”

“ತೋರಿಸಿ ಬಾ, ಆಮ್ಯಾಲೆ ಹೊಲೀತೇನಿ. ನಾನೂ ನಿನ್ನಂಗ ಶಾಣ್ಯಾಕಿ ಇದ್ದೆ, ನೋಡ್ ಇಲ್ಲಿ,” ಎಂದು ಬ್ರಾಹ್ಮಿ ದಿಂಬು ತೆಗೆದು ಮೇಜಿನ ಮೇಲಿಟ್ಟಳು.

ಶಂಕ್ರೆವ್ವ ದಿಂಬನ್ನೇ ನೋಡಿದಳು. ಮರುದಿನ ಇಬ್ಬರೂ ಬಸ್ಸಿನಲ್ಲಿ ಜಮಖಂಡಿಗೆ ಹೋದರು. ಪರೀಕ್ಷೆಯಾಗಿ ವಾರಕ್ಕೆ ರಿಪೋರ್ಟು ಬಂತು, ಅದು ಕ್ಯಾನ್ಸರೇ. ಆದರೆ ಸಣ್ಣದಿತ್ತು, ಹರಡಿರಲಿಲ್ಲ. ರಿಪೋರ್ಟು ನೋಡಿ ಡಾಕ್ಟರಮ್ಮ ಶಂಕ್ರೆವ್ವನ ಬೆನ್ನು ತಟ್ಟಿದರು. “ಛಲೋ ಮಾಡಿದಿ. ವೇಳ್ಯಾಕ್ಕ ಸರಿಯಾಗಿ ಬಂದಿ.”

ಪಕ್ಕದಲ್ಲಿದ್ದ ಬ್ರಾಹ್ಮಿಗೆ ಹೊಟ್ಟೆಕಿಚ್ಚಾಯಿತು. ತಾನು ಬೈಸಿಕೊಂಡ ಅದೇ ಕುರ್ಚಿಯಲ್ಲಿ ಕುಳಿತು ಇವಳು ಶಾಬಾಸ್‌ಗಿರಿ ಪಡೆಯುತ್ತಿದ್ದಾಳೆ. ತನ್ನ ಈ ಸಣ್ಣತನಕ್ಕೆ ನಾಚಿಕೆಯಾದರೂ ಸಂಜೆಯವರೆಗೆ ಅದು ಇಳಿಯಲಿಲ್ಲ.

ಬ್ರಾಹ್ಮಿಗೀಗ ಚಿಕಿತ್ಸೆ ಮುಗಿದು ನಾಲ್ಕನೆಯ ವರ್ಷ. ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತಾಳೆ. ರೋಗ ಮರಳುವುದಿಲ್ಲವೆಂಬ ಮಾತನ್ನು ಡಾಕ್ಟರು ಕೊಟ್ಟಿಲ್ಲ, ಇವಳೂ ಕೇಳಿಲ್ಲ. ಶಂಕ್ರೆವ್ವ ಮಗಳ ಮದುವೆ ಮಾಡಿ, ಚಿಕಿತ್ಸೆ ಮುಗಿಸಿ, ಹೊಲದ ಕೆಲಸಕ್ಕೆ ಮರಳಿದ್ದಾಳೆ. ಆಗಾಗ ಬಂದು ಬ್ಲೌಸಿನ ತೋಳು ಬಿಗಿಯಾಗಿದೆಯೆಂದು ಜಗಳ ತೆಗೆಯುತ್ತಾಳೆ. ತೋಳು ನಿಜಕ್ಕೂ ಬಿಗಿಯಾಗಿಯೇ ಇರುತ್ತದೆ; ಅವತ್ತಿನ ಹೊಟ್ಟೆಕಿಚ್ಚಿಗೆ ಬ್ರಾಹ್ಮಿ ಅರ್ಧ ಇಂಚು ಕಡಿಮೆ ಇಟ್ಟಿರುತ್ತಾಳೆ.