ಅರ್ಧ ಕೂಲಿ ಈಗ, ಅರ್ಧ ಶ್ರಾವಣಕ್ಕೆ

ಸಿಂದಗಿಯ ಬಸ್ ನಿಲ್ದಾಣದಲ್ಲಿ ಮೊದಲ ಬಸ್ಸಿನ ಕಂಡಕ್ಟರ್ ‘ಇಂಡಿ, ಇಂಡಿ’ ಎಂದು ಕೂಗುವ ಹೊತ್ತಿಗೆ ಸಿದ್ದಲಿಂಗವ್ವ ರಂಜನಾ ಅವರ ಮನೆಯ ಮಾಳಿಗೆಯ ಮೇಲಿದ್ದಾರೆ. ಕಸ ಗುಡಿಸಿಯಾಗಿದೆ. ಹಾಸಿದ ಟಾರ್ಪಾಲಿನ ಮೇಲಿನ ಇಬ್ಬನಿಯನ್ನು ಹಳೆಯ ಧೋತರದ ತುಂಡಿನಿಂದ ಒರೆಸುತ್ತಿದ್ದಾರೆ. ಚೀಲದ ಬಾಯಿ ಬಿಚ್ಚಿ ಜೋಳ ಸುರಿದು, ಮಂಡಿಯೂರಿ ಎರಡೂ ಅಂಗೈಗಳಿಂದ ಹರವುತ್ತ ಹಿಂದಕ್ಕೆ ಸರಿಯುತ್ತಾರೆ. ಒಂದು ಮೂಲೆಯಲ್ಲಿ ಒಂದು ಹಿಡಿ ಜೋಳ ಬೇರೆಯೇ ಇರುತ್ತದೆ. ಅದು ಗುಬ್ಬಿಗಳಿಗೆ. ತನ್ನ ಪಾಲು ಸಿಕ್ಕ ಗುಬ್ಬಿ ದೊಡ್ಡ ರಾಶಿಗೆ ಬರುವುದಿಲ್ಲ ಎಂಬುದು ಅವರ ನಂಬಿಕೆ. ಗುಬ್ಬಿಗಳು ಹಾಗೇನೂ ನಡೆದುಕೊಳ್ಳುವುದಿಲ್ಲ.

“ಸಿದ್ದವ್ವ, ಚಹಾ ಆರ್ಲಿಕ್ಕತ್ತದ. ಮೊದಲ ಕುಡಿ,” ಎಂದು ಮೆಟ್ಟಿಲ ಮೇಲಿಂದ ರಂಜನಾ ಕೂಗುತ್ತಾರೆ.

“ಹರವಿ ಬರ್ತೇನ್ರಿ ವೈನಿ. ಚಹಾ ಮತ್ತ ಕಾಸಬಹುದು, ಬಿಸಲು ಕಾಸಾಕ ಬರಂಗಿಲ್ಲ.”

ಸಿದ್ದಲಿಂಗವ್ವನವರಿಗೆ ಈಗ ಐವತ್ತೆಂಟು. ಊರಿನ ಮನೆಗಳಿಗೆ ಹೋಗಿ ವರ್ಷದ ಕಾಳು ತುಂಬಿಕೊಡುವುದು ಅವರ ಕೆಲಸ. ಹಿಂಗಾರಿ ಜೋಳ ಪೇಟೆಗೆ ಬಂದು ಧಾರಣೆ ಇಳಿದಾಗ ಮನೆಯವರು ವರ್ಷಕ್ಕಾಗುವಷ್ಟು ಜೋಳ, ಗೋಧಿ, ತೊಗರಿಬೇಳೆ ಒಮ್ಮೆಲೇ ಕೊಳ್ಳುತ್ತಾರೆ. ಅದನ್ನು ಕೇರಿ, ಜರಡಿ ಹಿಡಿದು, ಒಣಗಿಸಿ, ಹುಳ ಬೀಳದ ಹಾಗೆ ತಗಡಿನ ಡ್ರಮ್ಮಿಗೆ ತುಂಬಿಡುವವರು ಇವರು. ಜೋಳದ ನಡುನಡುವೆ ನೆರಳಲ್ಲಿ ಒಣಗಿಸಿದ ಬೇವಿನೆಲೆ. ಬೇಳೆಗೆ ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ ಸವರು. ಮುಚ್ಚಳದ ಸುತ್ತ ಹಳೆ ಸೀರೆಯ ಪಟ್ಟಿ ಸುತ್ತಿ ಅದರ ಮೇಲೆ ಹದವಾದ ಮಣ್ಣು. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಒಂದೂವರೆ ಕ್ವಿಂಟಲ್ ಆಗುತ್ತದೆ. ಜರಡಿಯಲ್ಲಿ ಇಳಿದ ನುಚ್ಚು ಅವರ ಕೋಳಿಗಳಿಗೆ ಎಂಬುದು ಎಲ್ಲ ಮನೆಗಳಲ್ಲೂ ಒಪ್ಪಿದ ಮಾತು.

ಕೂಲಿ ಕ್ವಿಂಟಲ್ಲಿಗೆ ಇನ್ನೂರು ರೂಪಾಯಿ. ಆದರೆ ತುಂಬಿದ ದಿನ ಅವರು ತೆಗೆದುಕೊಳ್ಳುವುದು ನೂರು ಮಾತ್ರ. ಉಳಿದ ನೂರು ಶ್ರಾವಣದಲ್ಲಿ, ಡ್ರಮ್ಮಿನ ಬಾಯಿ ತೆಗೆದು ಕಾಳು ಕೈಗೆ ಗರಗರ ಹತ್ತಿದ ಮೇಲೆ. ಹುಳ ಬಿದ್ದಿದ್ದರೆ ಆ ನೂರು ಇಲ್ಲ. ಈ ಕಟ್ಟಳೆ ಅವರ ಅತ್ತೆಯ ಕಾಲದ್ದು. “ತುಂಬಿ ಹೋಗಾಕ ಯಾರಿಗಾದ್ರೂ ಬರತೈತ್ರಿ,” ಎನ್ನುತ್ತಾರೆ ಸಿದ್ದಲಿಂಗವ್ವ. “ತೆಗದಾಗ ಹೆಂಗೈತಿ ಅನ್ನೂದಕ್ಕ ಕೂಲಿ.”

ಈ ಕೆಲಸದಿಂದ ಮನೆಗೆ ಏನು ಉಳಿಯುತ್ತದೆ ಎಂದು ರಂಜನಾ ಅವರನ್ನು ಕೇಳಬೇಕು. ಪ್ರಾಥಮಿಕ ಶಾಲೆಯ ಶಿಕ್ಷಕಿಯಾದ ಅವರೇ ಮನೆಯ ಖರ್ಚುವೆಚ್ಚ ನೋಡಿಕೊಳ್ಳುತ್ತಾರೆ. ಅವರ ಮನೆಗೆ ವರ್ಷಕ್ಕೆ ನಾಲ್ಕು ಕ್ವಿಂಟಲ್ ಜೋಳ ಬೇಕು. “ಶ್ರಾವಣದಾಗ ಅಂಗಡಿಗೆ ಹೋದ್ರ ಕ್ವಿಂಟಲ್ಲಿಗೆ ಸಾವಿರ, ಸಾವಿರದೈನೂರು ಹೆಚ್ಚು ಹೇಳ್ತಾರ. ಬ್ಯಾಳಿದು ಬ್ಯಾರೆ. ಎಲ್ಲಾ ಕೂಡಿಸಿದ್ರ ಮಗಳ ಒಂದು ವರ್ಷದ ಫೀ ಬರ್ತದ. ಪಗಾರದಾಗ ಅಷ್ಟು ಉಳಿಸ್ಲಿಕ್ಕೆ ನನಗಂತೂ ಆಗೂದಿಲ್ಲ.”

ಮೋರಟಗಿಯ ಹೆಣ್ಣುಮಗಳಾದ ಸಿದ್ದಲಿಂಗವ್ವ ಮದುವೆಯಾಗಿ ಸಿಂದಗಿಗೆ ಬಂದರು. ಗಂಡ ಮಡಿವಾಳಪ್ಪ ಧಾನ್ಯದ ಪೇಟೆಯಲ್ಲಿ ಹಮಾಲರಾಗಿದ್ದವರು. ಬೆನ್ನು ಸೋತ ಮೇಲೆ ಚೀಲ ಹೊರುವುದನ್ನು ಬಿಟ್ಟಿದ್ದಾರೆ. ಈಗ ಮನೆಯವರ ಜೊತೆ ಪೇಟೆಗೆ ಹೋಗಿ ಜೋಳ ಆರಿಸಿಕೊಡುತ್ತಾರೆ. ಮೊಣಕೈವರೆಗೆ ಚೀಲದೊಳಗೆ ಕೈ ಇಳಿಸುತ್ತಾರೆ. ಒಳಗೆ ತಂಪು ಹತ್ತಿದರೆ ಆ ಚೀಲ ಬೇಡ. ಕಾಲುವೆ ನೀರುಂಡ ಹೊಲದ ಜೋಳವಾದರೆ ಎರಡು ದಿನ ಹೆಚ್ಚು ಬಿಸಿಲು ಬೇಕೆಂದು ಮೊದಲೇ ಹೇಳಿಬಿಡುತ್ತಾರೆ. ಆಮೇಲೆ ಮಾಳಿಗೆಯ ಮೂಲೆಯಲ್ಲಿ ಕೋಲು ಹಿಡಿದು ಕೂತು ಹಕ್ಕಿ ಕಾಯುತ್ತಾರೆ.

“ಇಕಿ ಮಂದಿ ಜ್ವಾಳಕ್ಕ ತಾಯಿ ಇದ್ದಂಗ. ನನ್ನ ಮಾತ್ರ ಬೆದರಗೊಂಬಿ ಮಾಡಿ ಕುಂಡ್ರಿಸ್ಯಾಳ,” ಎಂದು ಅವರ ದೂರು.

“ಬೆದರಗೊಂಬಿ ಚಹಾ ಕೇಳಂಗಿಲ್ರಿ. ಇವರು ತಾಸಿಗೊಮ್ಮೆ ಕೇಳ್ತಾರ,” ಎಂದು ಸಿದ್ದಲಿಂಗವ್ವ ತಿರುಗಿಯೂ ನೋಡದೆ ಹೇಳುತ್ತಾರೆ.

ಕೆಲಸ ಇರುವುದು ವರ್ಷಕ್ಕೆ ಎರಡೇ ತಿಂಗಳು. ಉಳಿದ ದಿನಗಳಲ್ಲಿ ಹೊಲಗಳಿಗೆ ಕಳೆ ತೆಗೆಯಲು ಹೋಗುತ್ತಾರೆ, ಆ ದುಡ್ಡು ಆ ವಾರಕ್ಕೇ ಮುಗಿಯುತ್ತದೆ. ತಮ್ಮ ಮನೆಯ ವರ್ಷದ ಜೋಳ ಕೊಳ್ಳುವುದು ಈ ಎರಡು ತಿಂಗಳ ದುಡಿಮೆಯಲ್ಲಿ. ಪ್ರತಿ ಸುಗ್ಗಿಗೆ ಮೂವತ್ತರ ಹತ್ತಿರ ಮನೆಗಳು ಕರೆಯುತ್ತಿದ್ದವು. ಈ ಸಲ ಹೋಳಿ ಹುಣ್ಣಿಮೆಯವರೆಗೆ ಕರೆದದ್ದು ಏಳು. ಅದಕ್ಕೆ ಕಾರಣ ಇದೇ ಮಾಳಿಗೆಯ ಮೇಲೆ ಕಳೆದ ವರ್ಷ ನಡೆದ ಒಂದು ಸಂಗತಿ.

ಒಣಗಿಸಿದ ಕಾಳಿಗೆ ಒಂದು ನಿಯಮವಿದೆ. ಬಿಸಿಲುಂಡ ಕಾಳನ್ನು ಅದೇ ಸಂಜೆ ತುಂಬಬಾರದು. ತೆಳು ಸೀರೆ ಹೊದಿಸಿ ರಾತ್ರಿಯೆಲ್ಲ ತಣಿಯಲು ಬಿಟ್ಟು, ಮರುದಿನ ಸೂರ್ಯ ಏರುವ ಮೊದಲು ತುಂಬಬೇಕು. “ಬಿಸಿ ಕಾಳ ಮುಚ್ಚಿದ್ರ ಬೆವರತೈತ್ರಿ,” ಎನ್ನುತ್ತಾರೆ ಸಿದ್ದಲಿಂಗವ್ವ. “ನಾವು ಬೆವತ್ರ ಸೆರಗಿಲೆ ಒರಸ್ಕೋತೇವಿ. ಕಾಳ ಏನ್ ಮಾಡಬೇಕು?” ಬೆವರಿದ ಕಾಳು ಮುಗ್ಗುತ್ತದೆ, ಮುಗ್ಗಿದ ಕಾಳಿಗೆ ಹುಳ ಬೀಳುತ್ತದೆ.

ಕಳೆದ ವರ್ಷ ರಂಜನಾ ಅವರ ಮನೆಯ ಮೂರು ಡ್ರಮ್ಮು ತುಂಬಿ, ನಾಲ್ಕನೆಯದರ ಜೋಳ ಮಾಳಿಗೆಯ ಮೇಲೆ ಒಣಗುತ್ತಿತ್ತು. ರಂಜನಾ ಶಾಲೆಯಲ್ಲಿದ್ದರು. ಮಧ್ಯಾಹ್ನ ಸಿದ್ದಲಿಂಗವ್ವನವರಿಗೆ ಚಡಚಣದಿಂದ ಫೋನು ಬಂತು, ಮಗಳಿಗೆ ಹೆರಿಗೆ ನೋವು ಶುರುವಾಗಿದೆ ಎಂದು. ಮನೆಯಲ್ಲಿದ್ದವರು ರಂಜನಾ ಅವರ ಅತ್ತೆ, ಎಪ್ಪತ್ತಾರರ ಸರಸ್ವತೀಬಾಯಿ ಒಬ್ಬರೇ. ಮುಂಜಾನೆ ತುಂಬಲು ವೈನಿಗೆ ಹೇಳ್ರಿ ಎಂದು ಅವರಿಗೆ ತಿಳಿಸಿ ಸಿದ್ದಲಿಂಗವ್ವ ಗಂಡನೊಂದಿಗೆ ಬಸ್ಸು ಹತ್ತಿದರು. ಮೂರು ಗಂಟೆಗೆ ಮೋಡ ಕವಿಯಿತು. ಸಂಜೆ ರಂಜನಾ ಮನೆಗೆ ಬಂದಾಗ ಮಾಳಿಗೆ ತೊಯ್ದಿತ್ತು. ಮಾಳಿಗೆಯ ಕೋಣೆಯಲ್ಲಿ ನಾಲ್ಕನೆಯ ಡ್ರಮ್ಮು ತುಂಬಿ ಮುಚ್ಚಳ ಬಿಗಿದಿತ್ತು. ಅತ್ತೆ ದಣಿದು ಮಲಗಿದ್ದರು, ರಾತ್ರಿ ಅವರಿಗೆ ಜ್ವರವೂ ಬಂತು. ಸಿದ್ದಲಿಂಗವ್ವ ತುಂಬಿಯೇ ಊರಿಗೆ ಹೋಗಿದ್ದಾರೆಂದು ರಂಜನಾ ತಿಳಿದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಶ್ರಾವಣದಲ್ಲಿ ಸರಸ್ವತೀಬಾಯಿ ಪಂಢರಪುರದಲ್ಲಿ ಮಗಳ ಮನೆಯಲ್ಲಿದ್ದರು, ತಿರುಗಿ ಬಂದದ್ದು ಈ ಹೋಳಿಗೆ. ರಂಜನಾ ಆ ನಾಲ್ಕನೆಯ ಡ್ರಮ್ಮಿನ ಜೋಳವನ್ನೇ ಮೊದಲು ತೆಗೆದು ನಬಿಸಾಬರ ಗಿರಣಿಗೆ ಬೀಸಲು ಒಯ್ದರು. ನಬಿಸಾಬ ಚೀಲಕ್ಕೆ ಮೂಗು ಹಚ್ಚಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, “ಬಾಯಿಯವರ, ಇದನ್ನ ಹಾಕಿದ್ರ ಹಿಂದಿನವರ ಹಿಟ್ಟೂ ನಾರತೈತ್ರಿ!” ಎಂದರು. ಅಂದು ಸಂಜೆಗೆ ಓಣಿಯ ಮನೆಮನೆಗೂ ಸುದ್ದಿ: ಸಿದ್ದಲಿಂಗವ್ವ ತುಂಬಿದ ಜೋಳಕ್ಕೆ ಹುಳ ಬಿದ್ದಿದೆ. ನಬಿಸಾಬರಿಗೆ ಈಗಲೂ ಅದು ಮನಸ್ಸಿನಲ್ಲಿದೆ. “ನಾ ಮೆಲ್ಲಕ ಹೇಳಬೇಕಾಗಿತ್ರಿ. ಗಿರಣಿ ಸಪ್ಪಳದಾಗ ಒದರಿ ಒದರಿ ಮೆತ್ತಗ ಮಾತಾಡೂದ ಮರತೇನಿ,” ಎನ್ನುತ್ತಾರೆ. ಅಂದಿನಿಂದ ಸಿದ್ದಲಿಂಗವ್ವನವರ ಹಿಟ್ಟನ್ನು ಅವರು ದುಡ್ಡಿಲ್ಲದೆ ಬೀಸಿಕೊಡುತ್ತಾರೆ. ಯಾಕೆಂದು ಕೇಳಿದರೆ ಮೋಟರಿನ ಕಡೆ ತಿರುಗಿ ಬೆಲ್ಟು ಸರಿಮಾಡುತ್ತಾರೆ.

ರಂಜನಾ ಸಿದ್ದಲಿಂಗವ್ವನವರನ್ನು ಕರೆಸಿ, “ಬಸ್ಸಿನ ಅವಸರಕ್ಕ ಬಿಸಿಬಿಸಿನೇ ತುಂಬಿದೇನು?” ಎಂದು ಕೇಳಿದರು. ಸಿದ್ದಲಿಂಗವ್ವ ಮುಚ್ಚಳ ತಿರುವಿ ಒಳಬದಿಯಲ್ಲಿ ನೀರು ಇಳಿದ ಕಲೆಯನ್ನು ಬಹಳ ಹೊತ್ತು ನೋಡಿದರು. ತಾವು ತುಂಬಿಲ್ಲ ಎಂಬುದು ಅವರಿಗೆ ಗೊತ್ತು. ಅಂದು ಮನೆಯಲ್ಲಿದ್ದವರು ಯಾರು ಎಂಬುದೂ ಗೊತ್ತು. ಹೇಳಿದ್ದು ಇಷ್ಟೇ: “ತಪ್ಪಾಗೈತ್ರಿ ವೈನಿ. ಉಳಿದ ಕೂಲಿ ಬ್ಯಾಡ್ರಿ.” ಆ ಒಂದು ಡ್ರಮ್ಮಿನದಲ್ಲ, ನಾಲ್ಕರದೂ ಬೇಡವೆಂದು ಹೊರಟುಹೋದರು.

ವಿಷಯ ಬಯಲಾದದ್ದು ಈ ಹೋಳಿಯ ಮರುದಿನ, ಊಟದ ಹೊತ್ತಿನಲ್ಲಿ. ಇನ್ನು ಮೇಲೆ ತಿಂಗಳು ತಿಂಗಳು ಅಂಗಡಿಯಿಂದಲೇ ತರೋಣವೆಂದು ರಂಜನಾ ಗಂಡನಿಗೆ ಹೇಳುತ್ತಿದ್ದರು. ಸರಸ್ವತೀಬಾಯಿಯವರಿಗೆ ಆ ಮಾತು ಹಿಡಿಸಲಿಲ್ಲ.

“ಹೋದ ವರ್ಷ ನಾ ಇಲ್ಲದಿದ್ರ ಅಷ್ಟೂ ಜೋಳ ತೋಯ್ದು ಹೋಗ್ತಿತ್ತು. ಬಕೀಟಿನಾಗ ಹೊತ್ತು ಹೊತ್ತು ಹಾಕಿ ಮುಚ್ಚಳ ಬಿಗದೀನಿ. ಅದನ್ಯಾರೂ ನೆನಸೂದಿಲ್ಲ.”

ರಂಜನಾ ಬಡಿಸುವ ಕೈ ತಡೆದು ಕೇಳಿದರು: “ಆಯಿ, ಕಾಳು ಬಿಸಿ ಇತ್ತೇನ್ರಿ?”

“ಬಿಸಿ ಏನು, ಹಂಚಿನಂಗ ಇತ್ತು. ಅಂಗೈ ಕೆಂಪಾದ್ರೂ ಬಿಟ್ಟಿಲ್ಲ ನಾ.”

ಮರುದಿನ ರಂಜನಾ ಸಿದ್ದಲಿಂಗವ್ವನವರ ಮನೆಗೆ ಹೋದರು. ಮೂಲೆಯಲ್ಲಿದ್ದ ತಗಡಿನ ಡ್ರಮ್ಮು ಬರಿದಾಗಿತ್ತು. ಅದರ ಮೇಲೆ ಕೋಳಿ ಬುಟ್ಟಿ, ಪಕ್ಕದಲ್ಲಿ ಅಂಗಡಿಯಿಂದ ತಂದ ಐದು ಕಿಲೋ ಜೋಳದ ಕೈಚೀಲ.

“ಈ ವರ್ಷ ನಿಮ್ಮದು ತುಂಬೂದಿಲ್ಲೇನು?”

“ಕೆಲಸಕ್ಕ ಮನಿ ಸಿಕ್ರ ತುಂಬತೇನ್ರಿ. ಇಲ್ಲಾಂದ್ರ ಹಿಂಗ ಐದೈದು ಕಿಲೋ ತರೂದು.”

ಊರಿಗೆಲ್ಲ ಉಳಿತಾಯ ಮಾಡಿಕೊಡುವವರು ಅಂಗಡಿಯ ಧಾರಣೆಗೆ ಬಂದು ನಿಂತದ್ದನ್ನು ರಂಜನಾ ಅಲ್ಲಿ ನೋಡಿದರು. ಬಾಕಿ ಕೂಲಿ ಮುಂದಿಟ್ಟಾಗ ಸಿದ್ದಲಿಂಗವ್ವ ಮುನ್ನೂರು ಎತ್ತಿಕೊಂಡು ನೂರನ್ನು ಹಿಂದಕ್ಕೆ ಸರಿಸಿದರು. “ನಾಕನೇದು ಕೆಟ್ಟದ್ದು ಖರೆ ಐತ್ರಿ. ಯಾರಿಂದ ಕೆಟ್ಟಿದ್ರೇನ್ರಿ.”

ಸರಸ್ವತೀಬಾಯಿಯವರಿಂದ ಇದನ್ನು ಮುಚ್ಚಿಡಲು ಸೊಸೆ ನೋಡಿದರು, ಆಗಲಿಲ್ಲ. ವಿಷಯ ತಿಳಿದ ಮುದುಕಿ ಸಿದ್ದಲಿಂಗವ್ವನವರನ್ನು ಕರೆಸಿ ಎದುರಿಗೆ ಕೂಡಿಸಿಕೊಂಡು ಬೈದರು.

“ವರ್ಷ ಪೂರಾ ನನ್ನ ಶಾಣ್ಯಾಕಿ ಮಾಡಿ ಕೂಡಿಸೀಯಲ್ಲ, ನಾಚಿಕಿ ಬರಲಿಲ್ಲೇನು ನಿನಗ?”

“ಹೇಳಿದ್ರ ನೀವು ಮಾಳಿಗಿ ಹತ್ತೂದು ಬಿಡ್ತಿದ್ರಿ ಆಯಿಯವರ. ಮಳಿ ಬಂತಂತ ಓಡಿ ಬಂದೀರಿ. ಅದಕ್ಕ ಏನಂತ ಅನ್ನೂದ್ರಿ?”

“ಬಿಡ್ತಿದ್ದಿಲ್ಲ. ನಿನ್ನ ಬೈಲಿಕ್ಕಾದ್ರೂ ಹತ್ತತಿದ್ದೆ.”

ಮರುದಿನದಿಂದ ಸರಸ್ವತೀಬಾಯಿ ಬೆಳಗಿನ ತಂಪಿನಲ್ಲಿ ಕೋಲು ಹಿಡಿದು ಓಣಿಯ ಮನೆಗಳಿಗೆ ಹೊರಟರು, ದಿನಕ್ಕೆ ಮೂರು ನಾಲ್ಕು ಮನೆ. ಹೋದಲ್ಲೆಲ್ಲ ಒಂದೇ ಮಾತು: ಜೋಳ ಕೆಡಿಸಿದ್ದು ನಾನು, ಸಿದ್ದವ್ವ ಅಲ್ಲ. ಗಿರಣಿಗೂ ಹೋಗಿ, ಸಾಲು ದೊಡ್ಡದಿರುವಾಗಲೇ ಅದನ್ನು ಹೇಳಿ ಬಂದರು. ನಬಿಸಾಬ ಮೋಟರು ನಿಲ್ಲಿಸಿ, ಎಲ್ಲರಿಗೂ ಕೇಳಲಿ ಎಂದು ಅವರಿಗೆ ಸ್ಟೂಲು ಹಾಕಿಕೊಟ್ಟರು. ಈ ಲೇಖನದಲ್ಲಿ ಹೆಸರು ಬಿಡಬಹುದು ಎಂದರೂ ಸರಸ್ವತೀಬಾಯಿ ಒಪ್ಪಲಿಲ್ಲ. “ಸರಸ್ವತೀಬಾಯಿ ಅಂತ ಪೂರಾ ಹಾಕ್ರಿ. ಅಕಿ ಹೆಸರು ಗಿರಣಿಯೊಳಗ ಕೆಟ್ಟದ, ನನ್ನ ಹೆಸರು ಪೇಪರಿನೊಳಗ ಕೆಡಲಿ.”

ಮನೆಗಳು ತಿರುಗಿ ಕರೆಯುತ್ತಿವೆ. ಎಲ್ಲವೂ ಅಲ್ಲ, ಕೆಲವರು ಆಗಲೇ ಅಂಗಡಿಯ ಹಿಟ್ಟಿನ ಪಾಕೀಟಿಗೆ ಒಗ್ಗಿದ್ದಾರೆ. ಆದರೂ ಏಳು ಹೋಗಿ ಹತ್ತೊಂಬತ್ತಾಗಿದೆ. ಈಗ ಕಡಿಮೆ ಬಿದ್ದಿರುವುದು ದಿನಗಳು. ಯುಗಾದಿ ದಾಟಿದರೆ ಸಂಜೆಯ ಮೋಡಗಳನ್ನು ನಂಬುವಂತಿಲ್ಲ. ರಂಜನಾ ಅವರ ಈ ಮಾಳಿಗೆ ಮುಗಿದರೆ ನಾಳೆ ಬಾಗೇವಾಡಿ ರಸ್ತೆಯ ಮನೆ, ಅದರ ಮರುದಿನ ಗಿರಣಿಯ ಹಿಂದಿನ ಎರಡು ಮನೆ. ಎಲ್ಲರಿಗೂ ತಮ್ಮದು ಮೊದಲು ಆಗಬೇಕು. ಯಾರಿಗೂ ಇಲ್ಲವೆನ್ನಲು ಸಿದ್ದಲಿಂಗವ್ವನವರಿಗೆ ಬರುವುದಿಲ್ಲ.

ತಮ್ಮ ಮನೆಗೆಂದು ಮಡಿವಾಳಪ್ಪ ಪೇಟೆಯಲ್ಲಿ ಎರಡು ಚೀಲ ಜೋಳ ನೋಡಿಟ್ಟಿದ್ದಾರೆ. ಹೊರಗೆ ಹೇಗಿದೆಯೋ ಒಳಗೂ ಹಾಗೆಯೇ ಬೆಚ್ಚಗಿದೆಯಂತೆ. ಮುಂಗಡವೂ ಕೊಟ್ಟಾಗಿದೆ. ಅದು ಮಾಳಿಗೆ ಏರುವುದು ಯಾವಾಗ ಎಂದು ಕೇಳಿದರೆ ಸಿದ್ದಲಿಂಗವ್ವ ಕಾಳಿನಲ್ಲಿ ಕೈಯಾಡಿಸುವುದನ್ನು ನಿಲ್ಲಿಸುವುದಿಲ್ಲ.

“ಮೊದಲ ಮಂದೀದು ಒಣಗಲ್ರಿ. ಕಡೀಕ ಉಳಿದ ಬಿಸಲು ನಂದು.”