ಹೆನ್‌ಬರ್ಗನನ್ನು ಹುಟ್ಟಿಸಿದ ಬೋಗಾರ ಸರು

ಪಾರೀಸ ಬೋಗಾರ ಸರು ಜೈನರ ಮನೆಯಲ್ಲಿ ಹುಟ್ಟಿದವರು, ದಿನಾ ಬೆಳಗ್ಗೆ ಎದ್ದು ಅರ್ಹಂತನಿಗೆ ಕೈಮುಗಿಯುವವರು. ಆದರೆ ವಯಸ್ಸು ನಲವತ್ತೆರಡಾದರೂ ಅವರಿಗೆ ಅರ್ಹತೆ ಒಲಿದಿರಲಿಲ್ಲ. ಅರ್ಹತೆ ಎಂದರೆ ಬೇರೇನಲ್ಲ, ಕಾಲೇಜಿನಲ್ಲಿ ಸಮೂಹ ಸಂವಹನ ಮತ್ತು ಪತ್ರಿಕೋದ್ಯಮ ಕಲಿಸುವವರು ಪಾಸು ಮಾಡಬೇಕಾದ ಪರೀಕ್ಷೆ. ಅದನ್ನು ಪಾಸು ಮಾಡದೆಯೇ ಅವರು ಧಾರವಾಡದ ಒಂದು ಕಾಲೇಜಿನಲ್ಲಿ ಬಹಳ ವರ್ಷಗಳಿಂದ ಅದನ್ನೇ ಕಲಿಸುತ್ತಿದ್ದರು, ಅತಿಥಿ ಉಪನ್ಯಾಸಕರಾಗಿ. ಮುಂಚೆ ತಿಥಿ ತಿಳಿಸದೆ ಬರುವವನು ಅತಿಥಿ ಎಂದು ನಮಗೆಲ್ಲ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಬೋಗಾರ ಸರು ಮಾತ್ರ ಗಂಟೆ ಹೊಡೆಯುವ ಮೊದಲೇ ಬರುತ್ತಿದ್ದರು. ತಿಥಿ ತಿಳಿಸದೆ ಬರುತ್ತಿದ್ದುದು ಅವರ ಸಂಬಳ.

ಅವರ ಕೈಯಲ್ಲಿ ಕಲಿತ ಹುಡುಗರು ಅದೇ ಪರೀಕ್ಷೆ ಪಾಸಾಗಿ, ಬೇರೆ ಊರುಗಳಲ್ಲಿ ಕಾಯಂ ಆಗಿ, ದೀಪಾವಳಿಗೆ ಬಂದಾಗ ಸರ ಕಾಲಿಗೆ ಬಿದ್ದು, "ಈ ಸಲ ನಿಮ್ದು ಆಗೇ ಆಗ್ತೈತ್ರೀ ಸರ" ಎಂದು ಅವರಿಗೇ ಆಶೀರ್ವಾದ ಮಾಡಿ ಹೋಗುತ್ತಿದ್ದರು.

ಆ ವರ್ಷ ಪ್ರಾಚಾರ್ಯರು ಅವರನ್ನು ಕರೆದು, "ಬೋಗಾರ, ಮ್ಯಾಲಿಂದ ಆರ್ಡರ್ ಬಂದದ. ಜೂನ್‌ದಿಂದ ಅರ್ಹತಾ ಇಲ್ಲದವ್ರಿಗೆ ಒಂದ ತಾಸೂ ಪಾಠಾ ಕೊಡಾಕ ಬರಂಗಿಲ್ಲ. ನನ್ನ ಕೈಯಾಗ ಏನೂ ಇಲ್ಲ ನೋಡ" ಎಂದರು. ಅವರ ಕೈಯಲ್ಲಿ ಆಗ ಅರ್ಧ ತಿಂದ ಮಿರ್ಚಿ ಭಜಿ ಇತ್ತು. ಪಾಪ, ಅದನ್ನೂ ಅವರು ಮರೆತಿದ್ದರು.

ಹಾಗಾಗಿ ಬೋಗಾರ ಸರು ಮತ್ತೆ ಓದಲು ಕುಳಿತರು. ಅವರು ಓದಿದ್ದು 'ಹೊಸಂಗಡಿ ಸಂಪೂರ್ಣ ಪತ್ರಿಕೋದ್ಯಮ ಗೈಡ್'. ಊರಿನ ಸಪ್ತಾಪುರದ ಪುಸ್ತಕದಂಗಡಿಗಳಲ್ಲಿ ಮಿಕ್ಕ ಗೈಡುಗಳು ಅಡ್ಡ ಮಲಗಿದ್ದರೆ ಇದೊಂದು ತನ್ನ ದಪ್ಪದ ಬಲದಿಂದಲೇ ನೆಟ್ಟಗೆ ನಿಲ್ಲುತ್ತಿತ್ತು. ಅದನ್ನು ಬರೆದವರು ಪಾರೀಸ ಬೋಗಾರ. ಪಾಸಾಗದವರು ಗೈಡ್ ಬರೆಯುವುದು ಧಾರವಾಡದಲ್ಲಿ ಯಾರಿಗೂ ವಿಚಿತ್ರ ಎನಿಸುವುದಿಲ್ಲ. ಪಾಸಾದವರಿಗೆ ಪುರುಸೊತ್ತೆಲ್ಲಿ?

ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯುವುದರಿಂದ ಸಂಜೆ ಉದ್ದವಾಗಿರುತ್ತಿತ್ತು. ಹೆಂಡತಿ ತ್ರಿಶಲಾ ಪ್ರಾಥಮಿಕ ಶಾಲೆಯ ಅಕ್ಕೋರು, ಅದೂ ಕಾಯಂ. ಅವರು ಗೈಡ್ ಹಿಡಿದು ಪ್ರಶ್ನೆ ಕೇಳುವರು, ಗಂಡ ಎದುರಿಗೆ ಚಾಪೆಯ ಮೇಲೆ ಕೂತು ಉತ್ತರ ಹೇಳುವರು. ತಪ್ಪಿದರೆ ತ್ರಿಶಲಾ ಅಭ್ಯಾಸಬಲದಿಂದ ಎದ್ದು ನಿಲ್ಲಲು ಹೇಳುತ್ತಿದ್ದರು.

"ಸಂವಹನದ ಗಿರಣಿ ಸಿದ್ಧಾಂತ ಮಂಡಿಸಿದವರು ಯಾರು?" ಒಂದು ಸಂಜೆ ತ್ರಿಶಲಾ ಕೇಳಿದರು.

"ಅದ ಬ್ಯಾಡ. ಮುಂದಿಂದ ಕೇಳ."

"ಯಾಕ್ರೀ? ನೀವ ಬರದೀರಿ. ವಾಲ್ಟರ್ ಹೆನ್‌ಬರ್ಗ್, ಹುಟ್ಟಿದ್ದು ಹತ್ತೊಂಬೈನೂರಾ ಎರಡು, ತೀರಿದ್ದು ಎಪ್ಪತ್ತೊಂದು."

"ಆ ಮನಿಶ್ಯಾ ಇಲ್ಲ."

"ತೀರಿದ ಮ್ಯಾಲೆ ಎಲ್ಲಿ ಇರತಾನ್ರೀ?"

"ಹಂಗಲ್ಲೇ ಮಾರಾಯ್ತಿ. ಅಂವ ಹುಟ್ಟೇ ಇಲ್ಲ. ನಾ ಹುಟ್ಟಿಸೀನಿ."

ಸಂಗತಿ ಹೀಗಿತ್ತು. ಹದಿನೈದು ವರ್ಷದ ಹಿಂದೆ ಗೈಡ್ ಬರೆದುಕೊಟ್ಟಾಗ ಪ್ರಕಾಶಕ ಗುರುಬಸಪ್ಪ ಹೊಸಂಗಡಿ ಒಂದು ಮಾತು ಹೇಳಿದ್ದರು. "ಸರ, ಈ ಬಜಾರದಾಗ ಎಲ್ಲಾರೂ ಕಳ್ಳರು. ನಂದು ಬಂದ ಎಂಟ ದಿನಕ್ಕ ನಕಲ ಹೊಡೀತಾರ. ಒಂದ ಸುಳ್ಳ, ಖೊಟ್ಟಿ ಸಂಗತಿ ನಡಕ ಸೇರಸ್ರಿ. ಅದ ಯಾರ ಗೈಡಿನ್ಯಾಗ ಬರ್ತೈತಿ, ಅಂವ ಕಳ್ಳ." ಗೈಡ್ ಬರೆಯುವವರಿಗೆ ಇದು ಹೊಸದಲ್ಲ, ಕೋಳಿ ಕದ್ದವನ ಕೈಗೆ ಬಣ್ಣ ಹತ್ತಿಸುವ ಹಾಗೆ. ಬೋಗಾರ ಸರು ಆ ದಿನ ಜೋಳ ಬೀಸಿಸಲು ಗಿರಣಿಯಲ್ಲಿ ಪಾಳಿ ಹಚ್ಚಿ ನಿಂತಿದ್ದರು. ಒಬ್ಬರು ತಂದು ಸುರಿದ ಸುದ್ದಿ ನುಣ್ಣಗಾಗಿ, ಬಿಸಿಯಾಗಿ, ಬೇರೊಬ್ಬರ ಡಬ್ಬಿ ಸೇರಿ ಬೇರೊಂದು ಓಣಿಗೆ ಹೋಗುವುದನ್ನು ನೋಡಿದರು. ಮನೆಗೆ ಬಂದು ಅದನ್ನೇ ಸಿದ್ಧಾಂತ ಮಾಡಿ, ಒಬ್ಬ ಪರದೇಶಿಯ ಹೆಸರು ಹಚ್ಚಿ, ಅವನಿಗೊಂದು ಹುಟ್ಟು ಸಾವು ದಯಪಾಲಿಸಿದರು.

ಕಳ್ಳರು ಎಲ್ಲರೂ ಸಿಕ್ಕರು. ಬಜಾರದ ಪ್ರತಿಯೊಂದು ಗೈಡಿನಲ್ಲಿಯೂ ಹೆನ್‌ಬರ್ಗ್ ಬಂದ. ಆದರೆ ಕೋರ್ಟಿಗೆ ಹೋದರೆ ನಮ್ಮ ಗೈಡಿನಲ್ಲಿ ಸುಳ್ಳಿದೆ ಎಂದು ತಾವೇ ಹೇಳಬೇಕಾಗುತ್ತದೆ ಎಂಬುದು ಹೊಸಂಗಡಿಯವರಿಗೆ ಆಮೇಲೆ ಹೊಳೆಯಿತು. ಅವರು ಸುಮ್ಮನಾದರು. ಹೆನ್‌ಬರ್ಗ್ ಸುಮ್ಮನಾಗಲಿಲ್ಲ. ಪ್ರಬಂಧಗಳಿಗೆ ಹೋದ, ವಿಚಾರ ಸಂಕಿರಣಗಳಿಗೆ ಹೋದ. ಅವನ ಸಿದ್ಧಾಂತಕ್ಕೆ ಮಿತಿಗಳಿವೆ ಎಂದು ಯಾರೋ ಡಾಕ್ಟರೇಟ್ ಪಡೆದರು.

ಪರೀಕ್ಷೆ ಹುಬ್ಬಳ್ಳಿಯಲ್ಲಿತ್ತು. ಪ್ರಶ್ನೆಪತ್ರಿಕೆಯ ಮೂರನೇ ಪುಟ ತಿರುವಿದಾಗ ಬೋಗಾರ ಸರಿಗೆ ತಮ್ಮ ಮಗ ಹೇಳದೆ ಕೇಳದೆ ಎದುರು ಬಂದು ನಿಂತಂತಾಯಿತು. 'ಸಂವಹನದ ಗಿರಣಿ ಸಿದ್ಧಾಂತವನ್ನು ಮಂಡಿಸಿದವರು ಯಾರು?' ಮೊದಲನೇ ಆಯ್ಕೆ ಹೆನ್‌ಬರ್ಗ್. ನಡುವೆ ಇನ್ನಿಬ್ಬರು. ಕೊನೆಯದು 'ಮೇಲಿನ ಯಾರೂ ಅಲ್ಲ'.

ಅವರು ಪೆನ್ನು ಕೆಳಗಿಟ್ಟು ಬೆವರು ಒರೆಸಿಕೊಂಡರು. ಕೇಳಿದವರಿಗೆ ಬೇಕಾದದ್ದು ಹೆನ್‌ಬರ್ಗ್ ಎಂಬುದು ಗೊತ್ತಿತ್ತು. ಆದರೆ ಆ ನಾಲ್ಕನೆಯ ಆಯ್ಕೆ ಯಾಕಿದೆ? ನಾಡಿನಲ್ಲಿ ಯಾರೋ ಒಬ್ಬ ವಿದ್ವಾಂಸ ಈ ಹೆನ್‌ಬರ್ಗನ ಬುಡ ಹುಡುಕಿಕೊಂಡು ಹೋಗಿ, ಬುಡವೇ ಇಲ್ಲವೆಂದು ಕಂಡುಕೊಂಡು, ತಿಳಿದವರಿಗಾಗಿ ಆ ಆಯ್ಕೆ ಇಟ್ಟಿರಬೇಕು ಎಂದು ಅವರಿಗನ್ನಿಸಿತು. ಆ ಕಾಣದ ವಿದ್ವಾಂಸನಿಗೆ ಕೂತಲ್ಲೇ ಕೈಮುಗಿದರು. 'ಮೇಲಿನ ಯಾರೂ ಅಲ್ಲ' ಎಂಬುದನ್ನು ಉಳಿದೆಲ್ಲಕ್ಕಿಂತ ದುಂಡಗೆ ತುಂಬಿದರು.

ಅಂಥ ವಿದ್ವಾಂಸ ಯಾರೂ ಇರಲಿಲ್ಲ. ಫಲಿತಾಂಶದ ಜೊತೆ ಬಂದ ಸರಿಯುತ್ತರಗಳ ಪಟ್ಟಿಯಲ್ಲಿ ಹೆನ್‌ಬರ್ಗ್ ಇದ್ದ. ಪಾಸಾಗಲು ಬೋಗಾರ ಸರಿಗೆ ಸರಿಯಾಗಿ ಒಂದು ಪ್ರಶ್ನೆ ಕಡಿಮೆ ಬಿದ್ದಿತ್ತು.

"ಗೊತ್ತಿತ್ತಲ್ರೀ ಅವರಿಗೇನ್ ಬೇಕಂತ?" ತ್ರಿಶಲಾ ಕೇಳಿದರು.

"ಗೊತ್ತಿತ್ತು."

"ಮತ್ತ?"

"ಇಲ್ಲದಾಂವನ್ನ ಅದಾನ ಅಂತ ಬರಿಯಾಕ ಕೈ ಏಳಲಿಲ್ಲ."

"ಗೈಡ್ ಬರಿಯುವಾಗ ಯಾವ ಕೈ ಎದ್ದಿತ್ತು?"

ಬೋಗಾರ ಸರು ಯಾರೂ ಹೇಳದೆ ಎದ್ದು ನಿಂತರು.

ಉತ್ತರ ತಪ್ಪೆನಿಸಿದರೆ ಒಂದು ವಾರದೊಳಗೆ ಆಕ್ಷೇಪಣೆ ಸಲ್ಲಿಸಬಹುದಿತ್ತು, ಜೊತೆಗೆ ಪ್ರಮಾಣಿತ ಗ್ರಂಥದ ಪುಟವೊಂದನ್ನು ಆಧಾರವಾಗಿ ಲಗತ್ತಿಸಬೇಕು. ಇಂಥವನು ಇದ್ದ ಎನ್ನುವ ಗ್ರಂಥಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಇಂಥವನು ಇರಲಿಲ್ಲ ಎಂದು ಪುಟ ಹಾಕಿ ಹೇಳುವ ಗ್ರಂಥ ಎಲ್ಲಿಂದ ತರುವುದು? ಗ್ರಂಥಾಲಯದಲ್ಲಿ ಎರಡು ದಿನ ಹುಡುಕಿದರು. ಸಿಕ್ಕಿದ್ದೆಲ್ಲ ಹೆನ್‌ಬರ್ಗನ ಪರವಾಗಿತ್ತು. ಒಂದು ಪ್ರಬಂಧದಲ್ಲಿ ಅವನಿಗೆ ಮದುವೆಯೂ ಆಗಿತ್ತು.

ಕಡೆಗೆ ಹೊಸಂಗಡಿಯವರ ಅಂಗಡಿಗೆ ಹೋಗಿ, ಖೊಟ್ಟಿ ಸೇರಿಸಲು ಹೇಳಿದ್ದು ನಾನೇ ಎಂದು ಒಂದು ಚೀಟಿ ಬರೆದುಕೊಡಿ ಎಂದರು. ಹೊಸಂಗಡಿಯವರು ಎಲಿಅಡಿಕೆ ಉಗಿದು ಬಂದು ಸಾವಕಾಶ ಕೂತರು.

"ಸರ, ನಿಮಗ ಒಂದ ಅಂಕ ಬೇಕು. ನನಗ ಹನ್ನೆರಡನೇ ಆವೃತ್ತಿ ಮಾರೋದೈತಿ. ನಿಮ್ಮ ವೃತ್ತಿ ಸಲುವಾಗಿ ನನ್ನ ಆವೃತ್ತಿ ಮುಣಗಸ್ತೀರೇನು?"

"ಹಂಗಾರ ನಾನ ಬರೀತೀನಿ. ನಿಮ್ಮ ಹೆಸರ ತರಂಗಿಲ್ಲ."

"ಬರೀರಿ. ನಿಮ್ಮನ್ನ ಯಾರ್ ನಂಬ್ತಾರ? ನೀವು ಫೇಲ್ ಆಗೀರಿ."

ಬೋಗಾರ ಸರು ಬರೆದರು. 'ಈ ಸಿದ್ಧಾಂತವನ್ನು ಹೆನ್‌ಬರ್ಗ್ ಮಂಡಿಸಿಲ್ಲ. ಹೆನ್‌ಬರ್ಗ್ ಎಂಬುವರು ಇಲ್ಲ. ಇದನ್ನು ಕಟ್ಟಿದವನು ನಾನು. ನನ್ನ ಹೆಸರು ಆಯ್ಕೆಗಳಲ್ಲಿ ಇಲ್ಲದಿರುವುದರಿಂದ ಮೇಲಿನ ಯಾರೂ ಅಲ್ಲ ಎಂಬುದೇ ಸರಿ.' ಆಧಾರ ಲಗತ್ತಿಸಿ ಎಂದಿದ್ದ ಕಡೆ ಬಹಳ ಹೊತ್ತು ಯೋಚಿಸಿ ತಮ್ಮ ಆಧಾರ್ ಕಾರ್ಡಿನ ಪ್ರತಿ ಇಟ್ಟರು. ತಾವಾದರೂ ಇದ್ದೇವೆ ಎಂಬುದಕ್ಕೆ ಅದೊಂದೇ ಸರಕಾರಿ ಪುರಾವೆಯಾಗಿತ್ತು.

ಇಂಥ ಅರ್ಜಿಯನ್ನು ಯಾವ ಕಡತದಲ್ಲಿ ಇಡಬೇಕೆಂದು ತಿಳಿಯದೆಯೋ ಏನೋ, ಪರೀಕ್ಷಾ ಮಂಡಳಿಯವರು ಅವರನ್ನೇ ವಿಚಾರಣೆಗೆ ಬೆಂಗಳೂರಿಗೆ ಕರೆದರು.

ಮೇಜಿನ ಆಚೆ ಮೂವರಿದ್ದರು. ನಡುವೆ ಸಮಿತಿಯ ಅಧ್ಯಕ್ಷೆ. ಎಡಕ್ಕೆ ಬರೆದುಕೊಳ್ಳುವ ಒಬ್ಬರು. ಬಲಕ್ಕೆ ವಿಷಯತಜ್ಞರಾದ ನಿವೃತ್ತ ಪ್ರೊಫೆಸರ್ ಚಂದ್ರಚೂಡಯ್ಯ, ಮೈಸೂರಿನ ಕಡೆಯವರು, ಮಡಿಕೆ ಮುರಿಯದ ಶರಟಿನವರು.

"ಏನ್ರೀ ಇದು, ಹೆನ್‌ಬರ್ಗ್ ಇಲ್ಲ ಅಂತ ಬರ್ದಿದೀರಾ?" ಅಧ್ಯಕ್ಷೆ ಕೇಳಿದರು.

"ಇಲ್ರೀ ಮೇಡಂ. ಖರೇನ ಇಲ್ಲ."

ಚಂದ್ರಚೂಡಯ್ಯನವರು ನಕ್ಕರು. "ತಮಾಷೆ ಮಾಡ್ತೀರಾ? ಹೆನ್‌ಬರ್ಗ್‌ನ ನಾನೇ ಖುದ್ದು ಭೇಟಿ ಮಾಡಿದೀನಿ ಕಣ್ರೀ. ವಿಯೆನ್ನಾದಲ್ಲಿ, ಒಂದು ಸಮ್ಮೇಳನದಲ್ಲಿ. ಜೊತೇಲಿ ಕಾಫಿ ಕುಡಿದಿದೀವಿ."

ಬೋಗಾರ ಸರಿಗೆ ಒಂದು ಗಳಿಗೆ ತಮ್ಮ ಮೇಲೆಯೇ ಅನುಮಾನ ಬಂತು. ಆಮೇಲೆ, ಒಂದು ಉತ್ತರ ಬಂದ ಮೇಲೆ ಎರಡನೇ ಪ್ರಶ್ನೆ ಕೇಳದವನು ವರದಿಗಾರನೇ ಅಲ್ಲ ಎಂದು ತಾವು ಪ್ರತಿವರ್ಷ ಕಲಿಸುವುದು ನೆನಪಾಯಿತು.

"ಹೆಂಗ ಇದ್ರರೀ ಸರ ಅವ್ರು?"

"ಎತ್ತರದ ಆಳು. ಸ್ವಲ್ಪ ಬಕ್ಕತಲೆ. ತುಂಬಾ ಸರಳ."

"ಯಾವ ವರ್ಷರೀ?"

"ಎಪ್ಪತ್ತೆಂಟು."

ಬೋಗಾರ ಸರು ಚೀಲದಿಂದ ಗೈಡ್ ತೆಗೆದು, ಪುಟ ಬಿಚ್ಚಿ, ಮೇಜಿನ ಮೇಲೆ ಇಟ್ಟರು. ಅಧ್ಯಕ್ಷೆ ಓದಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು.

"ಸರ್, ಇದ್ರಲ್ಲಿ ಎಪ್ಪತ್ತೊಂದ್ರಲ್ಲಿ ತೀರ್ಕೊಂಡ್ರು ಅಂತಿದೆ."

ಚಂದ್ರಚೂಡಯ್ಯನವರ ಕಿವಿಗಳು ಮೊದಲು ಕೆಂಪಾದವು. ಅವರು ನೀರಿನ ಲೋಟ ಎತ್ತಿಕೊಂಡು ಕುಡಿಯದೆ ಹಾಗೇ ಹಿಡಿದರು. ಇನ್ನೊಂದೇ ಒಂದು ಪ್ರಶ್ನೆ ಸಾಕಾಗಿತ್ತು, ಬೋಗಾರ ಸರ ಬಾಯಲ್ಲಿ ಅದು ಸಿದ್ಧವೂ ಇತ್ತು. ಆದರೆ ತಾವು ಹುಟ್ಟಿಸಿದವನ ದೆಸೆಯಿಂದ ಹಿರಿಯರೊಬ್ಬರು ಹೀಗೆ ಸಿಕ್ಕಿಬೀಳುವುದು ಅವರಿಗೆ ಯಾಕೋ ಸರಿ ಕಾಣಲಿಲ್ಲ.

"ಗೈಡಿನ್ಯಾಗ ಇಸ್ವಿ ತಪ್ಪಿರಬಹುದ್ರೀ ಸರ," ಎಂದರು. "ಬರದಾಂವ ನಾನ. ನನ್ನ ಗೈಡ್ ಅಷ್ಟ ನೆಚ್ಚೂವಂಥಾದ್ದಲ್ಲ."

ಚಂದ್ರಚೂಡಯ್ಯನವರು ಲೋಟ ಕೆಳಗಿಟ್ಟು, ದಡ ಸಿಕ್ಕವರ ಹಾಗೆ ಉಸಿರುಬಿಟ್ಟರು. "ಅದೇ ನಾನು ಹೇಳೋದು! ಈ ಗೈಡೇ ಸರಿಯಿಲ್ಲ. ಒಂದಕ್ಷರ ನಂಬೋ ಹಾಗಿಲ್ಲ."

ಎಡಗಡೆಯವರು ಕಡತ ತಿರುವಿ ತಲೆಯೆತ್ತಿದರು. "ಸರ್, ಈ ಪ್ರಶ್ನೆ ತೆಗೆದಿರೋದೇ ಈ ಗೈಡಿಂದ."

"ಹಾಗಾದ್ರೆ ಪ್ರಶ್ನೆನೂ ಸರಿಯಿಲ್ಲ," ಎಂದರು ಚಂದ್ರಚೂಡಯ್ಯನವರು, ಹಿಂದು ಮುಂದು ನೋಡದೆ.

ಅಧ್ಯಕ್ಷೆ ಇಬ್ಬರನ್ನೂ ಒಂದೊಂದು ಸಲ ನೋಡಿ, ಹೇಳಿ ಬರೆಸಿದರು. ಗೈಡ್ ವಿಶ್ವಾಸಾರ್ಹವಲ್ಲವಾದ್ದರಿಂದ ಸದರಿ ಪ್ರಶ್ನೆ ರದ್ದು. ಎಲ್ಲ ಅಭ್ಯರ್ಥಿಗಳಿಗೂ ಒಂದೊಂದು ಅಂಕ. ಹೆನ್‌ಬರ್ಗ್ ಇದ್ದನೋ ಇಲ್ಲವೋ ಎಂಬುದು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ.

ಹೊರಗೆ ಮೆಟ್ಟಿಲ ಬಳಿ ಚಂದ್ರಚೂಡಯ್ಯನವರು ಹಿಂದಿನಿಂದ ಬಂದು ಭುಜ ಮುಟ್ಟಿದರು.

"ಬೋಗಾರ್ ಅವರೇ, ವಿಯೆನ್ನಾದಲ್ಲಿ ನಾನು ನೋಡಿದ್ದು..."

"ಅವರ ತಮ್ಮ ಇರಬೇಕ್ರೀ ಸರ."

"ಹಾಂ, ತಮ್ಮ. ತಮ್ಮನೇ ಇರ್ಬೇಕು." ಒಂದೆರಡು ಮೆಟ್ಟಿಲು ಇಳಿದು ನಿಂತರು. "ಸಿದ್ಧಾಂತ ಮಾತ್ರ ಚೆನ್ನಾಗಿದೆ ಕಣ್ರೀ. ಎಷ್ಟೋ ವರ್ಷ ಪಾಠ ಮಾಡಿದೀನಿ. ನಿಜವಾಗ್ಲೂ ನಿಮ್ದೇನಾ?"

"ನಂದರೀ."

"ಛೆ," ಎಂದರು ಅವರು, ಮನಸ್ಸಿಟ್ಟು. "ನಿಮ್ಮ ಹೆಸರಲ್ಲಿ ಹೇಳಿದ್ರೆ ಹುಡುಗ್ರು ಬರ್ಕೊಳಲ್ವಲ್ಲ."

ಬೋಗಾರ ಸರು ಗೇಟಿನಾಚೆ ನಿಂತು ಹೆಂಡತಿಗೆ ಫೋನ್ ಮಾಡಿದರು. ಶಾಲೆಯ ಗದ್ದಲದ ನಡುವಿನಿಂದ ತ್ರಿಶಲಾ ದನಿ ಬಂತು.

"ಏನಾತ್ರೀ? ತಾಸು ಸಿಗ್ತಾವ?"

"ಸಿಗ್ತಾವ. ಒಂದ ಅಂಕ ಕೊಟ್ರು. ಪಾಸಾದೆ."

"ಏನಂತ ಹೇಳಿದ್ರಿ?"

"ಖರೇ ಹೇಳಿದೆ."

"ಖರೇ ಹೇಳಿದ್ದಕ್ಕ ಕೊಟ್ರ?"

"ಇಲ್ಲ. ಅದನ್ನ ಯಾರೂ ಕೇಳಸ್ಕೊಳ್ಳಲಿಲ್ಲ. ನನ್ನ ಗೈಡ್ ಸರಿಯಿಲ್ಲ ಅಂತ ಕೊಟ್ರು."

"ಏನಾರ ಅನ್ಲಿ, ಕೊಟ್ರಿಲ್ಲೋ? ಅವರ ಮನಸ ತಿರಗೂದ್ರೊಳಗ ಬಸ್ ಹತ್ರಿ," ಎಂದು ತ್ರಿಶಲಾ, ಯಾವುದೋ ಮಗುವಿಗೆ ಕೂರಲು ಹೇಳಿ, ಫೋನ್ ಇಟ್ಟರು.