ಈಜುಕೊಳಕ್ಕೆ ಬೀಗ ಹಾಕಬೇಕೋ ಬೇಡವೋ? ನೀರಕ್ಕನನ್ನು ಕೇಳಿ

ಆಗಷ್ಟೇ ಬೆಳಕು ಹರಿಯುತ್ತಿದೆ. ಈಜುಕೊಳದ ಆಳದ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತ ಹೆಂಗಸೊಬ್ಬರು ದಾರ ಕಟ್ಟಿದ ಸ್ಟೀಲ್ ತಟ್ಟೆಯನ್ನು ನೀರಿಗೆ ಇಳಿಬಿಡುತ್ತಿದ್ದಾರೆ. ತಟ್ಟೆಯ ಮೇಲೆ ಮೊಳೆಯಿಂದ ಗೀಚಿದ ಹೂವಿದೆ. ತಳ ಮುಟ್ಟಿದ ಮೇಲೂ ಅದರ ಆರು ದಳ ಎಣಿಸಲು ಸಿಕ್ಕರೆ ನೀರು ತಿಳಿಯಾಗಿದೆ ಎಂದರ್ಥ.

"ಆರೂ ಕಾಣ್ತು. ಪಾಸ್!" ಎನ್ನುತ್ತಾರೆ.

ಈಜಲು ಬರುವವರೆಲ್ಲ ಇವರನ್ನು ಕರೆಯುವುದು ನೀರಕ್ಕ ಎಂದು. ವಯಸ್ಸು ಐವತ್ಮೂರು, ಕೊಳ ಕಾಯುತ್ತಿರುವುದು ಇಪ್ಪತ್ತೊಂದು ವರ್ಷಗಳಿಂದ. ದಿನಕ್ಕೆ ಮೂರು ಸಲ ಕ್ಲೋರಿನ್ ಪರೀಕ್ಷಿಸುತ್ತಾರೆ, ಎರಡು ಸಲ ಬಲೆ ಹಿಡಿದು ಎಲೆ ತೆಗೆಯುತ್ತಾರೆ. ಬಲೆಯ ಕೋಲು ಮುರಿದು ಗಿಡ್ಡವಾಗಿರುವುದರಿಂದ ಸೊಂಟ ಬಗ್ಗಿಸದೆ ವಿಧಿಯಿಲ್ಲ. "ನಮ್ಮನೆಯವರು ನನ್ ಕೈ ಹಿಡ್ಕೊಂಡ್ರೆ ಕ್ಲೋರಿನ್ ವಾಸ್ನೆಗೆ ಇನ್ನೊಂದ್ ಕೈಲಿ ಮೂಗು ಮುಚ್ಕೋತಾರೆ," ಎಂದು ನಗುತ್ತಾರೆ.

ಇವತ್ತು ಹತ್ತು ಗಂಟೆಯೊಳಗೆ ಅವರು ಮ್ಯಾನೇಜರಿಗೆ ಉತ್ತರ ಕೊಡಬೇಕು: ಚಳಿಗಾಲದ ನಾಲ್ಕು ತಿಂಗಳು ಕೊಳ ಮುಚ್ಚುವುದೋ ಬೇಡವೋ? ಬೇಸಿಗೆಯಲ್ಲಿ ಇನ್ನೂರು ಮಂದಿ ಬರುವಲ್ಲಿ ಈಗ ಬರುವವರು ಒಂಬತ್ತೇ ಜನ. ಅವರಲ್ಲೊಬ್ಬರು ನಿವೃತ್ತ ಪೋಸ್ಟ್‌ಮ್ಯಾನ್. ಲಕ್ವ ಹೊಡೆದ ಎಡಗಾಲಿಗೆ ಎದೆಮಟ್ಟದ ನೀರಿನಲ್ಲಿ ಮತ್ತೆ ನಡಿಗೆ ಕಲಿಸುತ್ತಿದ್ದಾರೆ.

ಮೂರು ವರ್ಷದ ಹಿಂದೆ ಇದೇ ಪ್ರಶ್ನೆಗೆ ನೀರಕ್ಕ ಹೂಂಗುಟ್ಟಿದ್ದರು. ಮುಚ್ಚುವುದಾದರೆ ಚೊಕ್ಕಟವಾಗಿ ಮುಚ್ಚೋಣವೆಂದು ನೀರನ್ನೆಲ್ಲ ಖಾಲಿ ಮಾಡಿಸಿದರು. ಮೇಲಿನ ಭಾರ ಹೋದದ್ದೇ ತಡ, ನೆಲದಡಿಯ ನೀರು ಒತ್ತಿ ಟೈಲುಗಳು ಎದ್ದು ಕೂತವು. ನಾಲ್ಕು ತಿಂಗಳ ಬೀಗ ಏಳು ತಿಂಗಳಾಯಿತು. ಊರುಗೋಲು ಬಿಟ್ಟಿದ್ದ ಪೋಸ್ಟ್‌ಮ್ಯಾನ್ ಗಾಲಿಕುರ್ಚಿಯಲ್ಲಿ ವಾಪಸ್ ಬಂದರು.

"ಅವ್ರು ಒಂದ್ ಮಾತೂ ಬೈಲಿಲ್ಲ. ಅದೇ ಇನ್ನೂ ಚುಚ್ಚುತ್ತೆ," ಎನ್ನುವಾಗ ನೀರಕ್ಕನ ನಗು ಮಾಯ.

ಈ ಸಲ ಅವರು ಕೈಕಟ್ಟಿ ಕೂತಿಲ್ಲ. ಹಳೆಯ ಟಾರ್ಪಾಲುಗಳನ್ನು ಸೇರಿಸಿ ಹೊಲಿದು, ಹೋದ ವಾರವಿಡೀ ಸಂಜೆ ಹೊತ್ತು ಕೊಳಕ್ಕೆ ಹೊದಿಸಿ ನೋಡಿದ್ದಾರೆ. ಹೊದಿಸದಿದ್ದಾಗ ಬೆಳಗ್ಗೆ ಹತ್ತೊಂಬತ್ತು ಡಿಗ್ರಿ ಇರುತ್ತಿದ್ದ ನೀರು ಈಗ ಇಪ್ಪತ್ತೆರಡು. ಮಧ್ಯಾಹ್ನದ ಬಿಸಿಲಿಗೆ ಇಪ್ಪತ್ತೈದು. "ಚಳಿಗೆ ನಾವು ಹೊದ್ಕೊಳಲ್ವಾ? ನೀರೇನ್ ಪಾಪ ಮಾಡಿತ್ತು?"

ಹತ್ತಕ್ಕೆ ಐದು ನಿಮಿಷವಿರುವಾಗ ಮ್ಯಾನೇಜರ್ ಬರುತ್ತಾರೆ. "ಒಂಬತ್ತು ಜನಕ್ಕೆ ಇಷ್ಟೆಲ್ಲಾ ಬೇಕಾ ಅಕ್ಕಾ?"

"ಬೇಕು ಸಾರ್. ಬೆಳಗಿನ ಪಾಳಿ ಬೇಡ. ಹನ್ನೊಂದರಿಂದ ಮೂರರ ತನಕ ತೆಗೀತೀನಿ. ಬಿಸಿಲಲ್ಲೂ ಇಪ್ಪತ್ತೆರಡು ದಾಟದಿದ್ದ ದಿನ ನಾನೇ ಬೀಗ ಹಾಕ್ತೀನಿ."

ಮ್ಯಾನೇಜರ್ ತಲೆ ಕೆರೆದುಕೊಂಡು ಒಪ್ಪುತ್ತಾರೆ. ನೀರಕ್ಕ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಹೊಸ ವೇಳೆ ಬರೆಯುತ್ತಾರೆ. ಆಗಲೇ ಗೇಟಿನಲ್ಲಿ ಊರುಗೋಲಿನ ಟಕಟಕ ಕೇಳುತ್ತದೆ.

"ಏನಮ್ಮಾ, ನಮ್ ಗತಿ ಏನಾಯ್ತು?" ಪೋಸ್ಟ್‌ಮ್ಯಾನ್ ಅಲ್ಲಿಂದಲೇ ಕೂಗುತ್ತಾರೆ.

"ಹನ್ನೊಂದಕ್ಕೆ ಇಳೀರಿ ಅಣ್ಣಾ. ಚಳಿಗಾಲ ಪೂರ್ತಿ ಒಂದಿನಾನೂ ತಪ್ಪಿಸ್ಬೇಡಿ."

ಇನ್ನೇನಾದರೂ ಆಸೆಯಿದೆಯೇ ಎಂದು ಕೇಳಿದರೆ ನೀರಕ್ಕ ಪೋಸ್ಟ್‌ಮ್ಯಾನರ ಊರುಗೋಲಿನತ್ತ ಕೈ ತೋರಿಸುತ್ತಾರೆ.

"ಬೇಸಿಗೆ ಹೊತ್ತಿಗೆ ಅದು ನಂಗ್ ಬೇಕು. ಬಲೆಗೆ ಕಟ್ಕೋತೀನಿ."